ಬ್ಯಾನಿ ಸೂಜಿ ಮತ್ತು ನಾನು ಹೇಳಿದ ಸುಳ್ಳು

ಸಿಸ್ಟರ್ ನನ್ನನ್ನು ನೇರವಾಗಿಯೇ ಕೇಳಿದ್ದರು. ನಾನು ಇಲ್ಲ ಎಂದೆ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಇಲ್ಲವಾದರೆ ಬರೆಯುತ್ತಾ ಬರೆಯುತ್ತಾ ನನ್ನನ್ನು ನಾನೇ ಒಳ್ಳೆಯವಳನ್ನಾಗಿ ಮಾಡಿಕೊಳ್ಳುವ ಚಾಳಿ ನನಗುಂಟು.

ನಾನು ಮಾನ್ವಿಯ ಒಂದು ಸಣ್ಣ ಹೆರಿಗೆ ಆಸ್ಪತ್ರೆಯಲ್ಲಿ ಡೌಲಾ. ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ಡೌಲಾ ಎಂದರೆ ಹೆರಿಗೆ ಮುಗಿಯುವವರೆಗೂ ತಾಯಿಯ ಪಕ್ಕದಿಂದ ಕದಲದವಳು. ನಾವು ಸೂಜಿ ಚುಚ್ಚುವುದಿಲ್ಲ, ಒಳಪರೀಕ್ಷೆ ಮಾಡುವುದಿಲ್ಲ, ಕೂಸನ್ನು ಹಿಡಿಯುವುದಿಲ್ಲ. ಬೇನೆ ಬಂದಾಗ ಬೆನ್ನಿನ ಕೆಳಗಿನ ಎಲುಬಿಗೆ ಅಂಗೈಯ ಬುಡ ಒತ್ತಿ ಹಿಡಿಯುತ್ತೇವೆ, ಉಸಿರು ಹೇಗೆ ಬಿಡಬೇಕೆಂದು ಜೊತೆಯಲ್ಲೇ ಬಿಟ್ಟು ತೋರಿಸುತ್ತೇವೆ, ಗುಟುಕು ಗುಟುಕಾಗಿ ನೀರು ಕುಡಿಸುತ್ತೇವೆ, ಡಾಕ್ಟರು ಹೇಳಿದ್ದನ್ನು ಆಕೆಗೆ ತಿಳಿಯುವ ಮಾತಿನಲ್ಲಿ ಹೇಳುತ್ತೇವೆ. ಹಳ್ಳಿಯವರ ಬಾಯಿಗೆ ಡೌಲಾ ಎಂಬ ಪದ ಹೊಂದುವುದಿಲ್ಲ. ‘ನಡ ತಿಕ್ಕೋ ಅಕ್ಕ’ ಎನ್ನುತ್ತಾರೆ. ನನಗೂ ಆ ಹೆಸರೇ ಹೆಚ್ಚು ಇಷ್ಟ.

ರಾಯಚೂರಿನಲ್ಲಿ ನಮಗೆ ತರಬೇತಿ ಕೊಟ್ಟ ಮೇಡಂ ಎರಡು ಮಾತನ್ನು ತಲೆಗೆ ತುಂಬಿದ್ದರು. ತಾಯಿ ನಂಬಿ ಹೇಳಿದ್ದನ್ನು ಊರಿಗೆಲ್ಲ ಹಂಚಬಾರದು. ಔಷಧದ ವಿಷಯಕ್ಕೆ ಕೈಹಾಕಬಾರದು, ಅದು ಡಾಕ್ಟರು ಮತ್ತು ಸಿಸ್ಟರ್ ಕೆಲಸ. ಎರಡೂ ಒಳ್ಳೆಯ ಮಾತುಗಳೇ. ಆ ದಿನ ಅವೆರಡನ್ನೂ ನಾನು ನನಗೆ ಬೇಕಾದ ಹಾಗೆ ತಿರುಚಿಕೊಂಡೆ.

ನಮ್ಮ ಹೆರಿಗೆ ಕೋಣೆಯ ಹಿರಿಯ ಸಿಸ್ಟರ್ ದೇವದುರ್ಗದವರು. ಕೆಲಸದಲ್ಲಿ ಬೆಂಕಿ, ಬಾಯಿಯೂ ಬೆಂಕಿ. ನನಗೂ ಅವರಿಗೂ ಎಣ್ಣೆ ಸೀಗೆಕಾಯಿ. ನಾನು ಬಂದ ಹೊಸದರಲ್ಲಿ ಡೌಲಾ ಎಂದರೆ ತಮ್ಮ ಮೇಲೆ ಕಣ್ಣಿಡಲು ಬಂದವಳು ಎಂದು ಅವರು ತಿಳಿದಂತಿತ್ತು. ಸಿಸ್ಟರ್ ಎಂದರೆ ತಾಯಂದಿರನ್ನು ಗದರಿಸುವವರು ಎಂದು ನಾನು ತಿಳಿದಿದ್ದೆ. ಈ ಘಟನೆಗೆ ಒಂದು ವಾರ ಮುಂಚೆ, ಹೆರಿಗೆಯ ನಡುವೆ ನಾನು ಔಷಧದ ಟ್ರಾಲಿಗೆ ಅಡ್ಡ ನಿಂತಿದ್ದೆ. ‘ಇದೇನು ನಿಮ್ಮನಿ ಪಡಸಾಲಿ ಅಂತ ತಿಳದೀಯೇನು? ಹೊರಗ ನಡಿ!’ ಎಂದು ತಾಯಿಯ ಎದುರಿಗೇ ನನ್ನನ್ನು ಆಚೆ ಕಳಿಸಿದರು. ತಪ್ಪು ನನ್ನದೇ. ಆದರೂ ಬಚ್ಚಲಿಗೆ ಹೋಗಿ ಅತ್ತೆ, ಮತ್ತು ಆ ಸಿಟ್ಟನ್ನು ಜೋಪಾನವಾಗಿ ಇಟ್ಟುಕೊಂಡೆ.

ಆ ದಿನ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಹಿರೇಕೊಟ್ನೆಕಲ್ ಕಡೆಯಿಂದ ಆಟೋ ಬಂತು. ಚೊಚ್ಚಲ ಬಸುರಿ, ಇಪ್ಪತ್ತರ ಆಸುಪಾಸಿನ ಹುಡುಗಿ, ಜೊತೆಗೆ ಆಕೆಯ ತಾಯಿ. ಕುರಿ ಕಾಯುವ ಮನೆತನ. ಗಂಡ ಕುರಿ ಹಿಂಡಿನೊಂದಿಗೆ ತೆಲಂಗಾಣದ ಗಡಿಯ ಕಡೆ ಹೋಗಿದ್ದ. ಚೊಚ್ಚಲ ಹೆರಿಗೆ ತವರಿನದು ಎಂಬ ವಾಡಿಕೆಯಂತೆ ಹುಡುಗಿ ಏಳನೆಯ ತಿಂಗಳಿಗೇ ತಾಯಿಯ ಮನೆಗೆ ಬಂದಿದ್ದಳು. ತಿಂಗಳ ತಪಾಸಣೆಗೆ ಬಂದಾಗ ಎರಡು ಸಲ ನನ್ನ ಜೊತೆ ಕೂತು ಉಸಿರಾಟ ಕಲಿತಿದ್ದಳು. ಅದನ್ನು ಮಾಡುವಾಗ ನಗು ತಡೆಯಲಾರದೆ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದಳು.

ಒಳಗೆ ಕರೆದೊಯ್ಯುವ ಮೊದಲು ತಾಯಿ ನನ್ನ ಮೊಣಕೈ ಹಿಡಿದು ಬೇವಿನ ಮರದ ಕಡೆಗೆ ಎಳೆದಳು.

‘ತಂಗೀ, ನಿನ್ನ ಮುಂದ ಒಂದ್ ಮಾತು ಹೇಳತೀನಿ. ದವಾಖಾನ್ಯಾಗ ಯಾರ ಮುಂದೂ ಆಡಬ್ಯಾಡ.’

‘ಹೇಳ್ ಯವ್ವಾ.’

‘ರಾತ್ರಿಯೆಲ್ಲಾ ಸಣ್ಣ ಸಣ್ಣ ಬ್ಯಾನಿ ಇದ್ವು. ಜಲ್ದಿ ಆಗ್ಲಿ ಅಂತ ಮುಂಜಾನಿ ಊರಾಗ ಸೂಜಿ ಹಾಕತಾನಲ್ಲ, ಅವನ ಹತ್ರ ಕರಕೊಂಡು ಹೋದೆ. ಎರಡು ಬ್ಯಾನಿ ಸೂಜಿ ಹಾಕಿದ. ಒಂದು ಬಿಳಿ ಗುಳಿಗಿ ನಾಲಿಗಿ ಕೆಳಗ ಇಟ್ಟ. ಇನ್ನೊಂದು ಕಟ್ಟಿ ಕೊಟ್ಟಾನ, ಬ್ಯಾನಿ ಕಡಿಮಿ ಆದ್ರ ಇಡು ಅಂದಾನ.’ ಸೆರಗಿನ ತುದಿಯ ಗಂಟು ತೋರಿಸಿದಳು.

ಈ ಬ್ಯಾನಿ ಸೂಜಿ ನಮ್ಮ ಕಡೆ ಹೊಸದಲ್ಲ. ಹೆರಿಗೆ ಬೇಗ ಆಗಲೆಂದು, ಡಾಕ್ಟರಿಕೆ ಓದದವರು ಮನೆಯ ಜಗುಲಿಯ ಮೇಲೆ ಹಾಕುವ ಸೂಜಿ ಅದು. ಬೇನೆ ಜೋರಾಗುತ್ತದೆ, ಜನ ಖುಷಿಯಾಗುತ್ತಾರೆ. ಒಳಗಿರುವ ಕೂಸಿಗೆ ಉಸಿರಾಡಲು ಬಿಡುವು ಸಿಗುತ್ತದೋ ಇಲ್ಲವೋ ಎಂದು ನೋಡುವವರು ಅಲ್ಲಿ ಯಾರೂ ಇರುವುದಿಲ್ಲ. ತರಬೇತಿಯಲ್ಲಿ ಇದನ್ನು ನಮಗೆ ಹೇಳಿಕೊಟ್ಟಿದ್ದರು. ನನಗೆ ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳುವ ಅನುಕೂಲ ನನಗಿಲ್ಲ.

‘ಸಿಸ್ಟರ್ ಮುಂದ ಹೇಳೋಣ ಯವ್ವಾ’ ಎಂದೆ, ಅಷ್ಟು ಮಾತ್ರ ಹೇಳಿದ್ದು ನಿಜ.

ಆಕೆಯ ಮುಖ ಬಿಳುಚಿತು. ‘ಹೇಳಿದ್ರ ಬೀಗರ ಕಿವಿಗೆ ಹೋಗತದ ತಂಗೀ. ಚೊಚ್ಚಲ ಬಾಣಂತನ, ನನ್ನ ಕೈಯಾಗ ಕೊಟ್ಟಾರ. ನಾಳಿ ಏನರ ಹೆಚ್ಚುಕಡಿಮಿ ಆದ್ರ, ಅವ್ವನ ಸೂಜಿ ಹಾಕ್ಸಿ ಹಿಂಗ ಮಾಡಿದ್ಲು ಅಂತ ನಾ ಸಾಯೋತನಕ ಅಂತಾರ. ನನ್ನ ಮಗಳು ಅಲ್ಲಿ ಬಾಳುವೆ ಮಾಡಬ್ಯಾಡೇನು? ಆ ನರ್ಸಮ್ಮ ಅಂತೂ ನಾಕು ಮಂದ್ಯಾಗ ನನ್ನ ಮಾನ ಕಳೀತಾಳ. ಈಕಿ ಹೊಟ್ಟಿ ಮ್ಯಾಲ ಕೈಯಿಟ್ಟು ಆಣಿ ಮಾಡು, ಹೇಳಂಗಿಲ್ಲಂತ.’

ಹುಡುಗಿ ಮರಕ್ಕೆ ಒರಗಿ ನಿಂತಿದ್ದಳು. ಆಕೆಗೆ ಬೇನೆ ಬರುತ್ತಿತ್ತು. ನಾನು ಹೊಟ್ಟೆಯ ಮೇಲೆ ಕೈಯಿಟ್ಟೆ, ಆಣೆ ಮಾಡಿದೆ. ‘ಆ ಗುಳಿಗಿ ಮಾತ್ರ ಕೊಡಬ್ಯಾಡ, ಒಗದು ಬಿಡು’ ಎಂದು ತಾಯಿಗೆ ಹೇಳಿದೆ. ಆಕೆ ತಲೆಯಾಡಿಸಿದಳು. ಒಗೆದಳೋ ಇಲ್ಲವೋ ಎಂದು ನಾನು ನಿಂತು ನೋಡಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಹೆಮ್ಮೆಯಾಗಿತ್ತು. ಸಿಸ್ಟರ್‌ಗೆ ಹೇಳದ ಮಾತನ್ನು ಆ ತಾಯಿ ನನಗೆ ಹೇಳಿದ್ದಳು.

ದಾಖಲಾತಿ ಮೇಜಿನ ಮುಂದೆ ಸಿಸ್ಟರ್ ಕೇಸ್ ಶೀಟ್ ಬಿಡಿಸಿಕೊಂಡು ಒಂದೊಂದಾಗಿ ಕೇಳಿದರು. ನೀರು ಒಡೆದಿದೆಯೇ, ಕೂಸು ಅಲುಗಾಡುತ್ತಿದೆಯೇ, ಬೇನೆ ಯಾವಾಗ ಶುರುವಾಯಿತು. ಆಮೇಲೆ ಪೆನ್ನು ಎತ್ತಿ ಹಿಡಿದು ತಾಯಿಯನ್ನು ನೋಡಿದರು.

‘ಬರೋಕ್ಕಿಂತ ಮೊದ್ಲ ಹೊರಗ ಸೂಜಿ, ಗುಳಿಗಿ ಏನರ ಹಾಕ್ಸೀರೇನು? ಖರೇ ಹೇಳ್ರಿ, ನಾ ಬೈಯಂಗಿಲ್ಲ.’

‘ಇಲ್ರೀ ಯವ್ವಾ, ಸೀದಾ ಇಲ್ಲಿಗೇ ಬಂದೀವಿ.’

ಸಿಸ್ಟರ್‌ಗೆ ನಂಬಿಕೆ ಬರಲಿಲ್ಲ. ನನ್ನ ಕಡೆ ತಿರುಗಿದರು. ‘ನಿನ್ನ ಮುಂದ ಏನರ ಅಂದಾರೇನು? ನಿನ್ನ ಮುಂದ ಎಲ್ಲಾ ಹೇಳತಾರ ಅವರು.’

‘ಇಲ್ರೀ ಸಿಸ್ಟರ್.’

ಅವರು ಶೀಟಿನಲ್ಲಿ ‘ಇಲ್ಲ’ ಎಂದು ಬರೆದರು. ನನ್ನ ಮಾತಿನ ಮೇಲೆ ಬರೆದರು.

ಮುಂದಿನ ಎರಡು ತಾಸು ನಾನು ನನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿದೆ. ಗರ್ಭಕೋಶದ ಬಾಯಿ ನಾಲ್ಕು ಸೆಂಟಿಮೀಟರ್ ತೆರೆದಿತ್ತು. ಹುಡುಗಿಯನ್ನು ಮಲಗಲು ಬಿಡದೆ ಮೊಗಸಾಲೆಯಲ್ಲಿ ನಡೆಸಿದೆ. ಬೇನೆ ಬಂದಾಗ ಗೋಡೆಗೆ ಕೈಯೂರಿಸಿ, ಸೊಂಟದ ಹಿಂದೆ ಒತ್ತಿ ಹಿಡಿದೆ. ‘ಬಾಯಿ ಸಡ್ಲ ಬಿಡು, ಹಲ್ಲು ಕಡೀಬ್ಯಾಡ, ಹೂ ಅಂತ ಉಸುರು ಬಿಡು.’ ಈ ಸಲ ಆಕೆಗೆ ನಗು ಬರಲಿಲ್ಲ. ಹತ್ತು ನಿಮಿಷಕ್ಕೆ ಮೂರು ಬೇನೆ ಬರುತ್ತಿದ್ದವು, ನಡುವೆ ಹೊಟ್ಟೆ ಮೆತ್ತಗಾಗುತ್ತಿತ್ತು. ಅದನ್ನು ನಾವು ಕೈಯಿಂದಲೇ ತಿಳಿಯುತ್ತೇವೆ: ಬೇನೆಯಲ್ಲಿ ಹೊಟ್ಟೆ ಹಣೆಯಷ್ಟು ಗಟ್ಟಿ, ಬಿಡುವಿನಲ್ಲಿ ಕೆನ್ನೆಯಷ್ಟು ಮೆತ್ತಗೆ. ಅರ್ಧ ತಾಸಿಗೊಮ್ಮೆ ಸಿಸ್ಟರ್ ಬಂದು ಡಾಪ್ಲರ್ ಇಟ್ಟು ಕೂಸಿನ ಎದೆಬಡಿತ ಕೇಳಿ ಬರೆದುಕೊಳ್ಳುತ್ತಿದ್ದರು. ಎಲ್ಲ ಸರಿಯಾಗಿತ್ತು. ನೋಡು, ಏನೂ ಆಗಲಿಲ್ಲ, ಆ ಹೆಂಗಸಿನ ಮಾನವೂ ಉಳಿಯಿತು ಎಂದು ನನಗೆ ನಾನೇ ಹೇಳಿಕೊಂಡೆ.

ಹನ್ನೊಂದರ ಹೊತ್ತಿಗೆ ಬೇನೆ ಸಡಿಲವಾಯಿತು. ಬೆಳಗಿನ ಸೂಜಿಯ ಬಲ ಮುಗಿದಿತ್ತು ಎಂದು ಈಗ ತಿಳಿಯುತ್ತದೆ. ಡಾಕ್ಟರಮ್ಮ ಬಂದು ಪರೀಕ್ಷಿಸಿದರು. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಏನು ಮಾಡುವುದಿದ್ದರೂ ತಾಯಿಗೆ ಹೇಳಿಯೇ ಮಾಡುವವರು. ‘ಬೇನೆ ಸ್ವಲ್ಪ ಕಮ್ಮಿ ಆಗಿದೆ ಕಣಮ್ಮ, ಸಲೈನ್‌ನಲ್ಲಿ ಹನಿ ಹನಿಯಾಗಿ ಔಷಧಿ ಬಿಟ್ಟು ಜೋರು ಮಾಡೋಣ’ ಎಂದು ಹುಡುಗಿಗೆ ಹೇಳಿ, ಸಿಸ್ಟರ್‌ಗೆ ಪ್ರಮಾಣ ಬರೆದುಕೊಟ್ಟರು. ನಾನು ಬಿಸಿನೀರಿನ ಚೀಲ ತುಂಬಿಸಲು ಹೋದೆ. ಹುಡುಗಿ ಮೊಗಸಾಲೆಯಲ್ಲಿ ತಾಯಿಯ ಜೊತೆ ಕೂತಿದ್ದಳು. ಐದು ನಿಮಿಷ, ಹೆಚ್ಚೆಂದರೆ ಏಳು.

ಹುಡುಗಿಯನ್ನು ಹೆರಿಗೆ ಕೋಣೆಯ ಒಳಗೆ ಕರೆದುಕೊಂಡೆವು. ಒಳಗೆ ಒಬ್ಬರಿಗೇ ಅವಕಾಶ, ಅದು ನಾನು. ತಾಯಿ ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂತಳು. ಸಿಸ್ಟರ್ ಪುಟ್ಟ ಗಾಜಿನ ಆಂಪೂಲಿನ ಕತ್ತು ಮುರಿದು ಔಷಧವನ್ನು ಸಿರಿಂಜಿಗೆ ಎಳೆದು ಸಲೈನ್ ಬಾಟಲಿಗೆ ಬಿಟ್ಟರು. ಬೆಳಿಗ್ಗೆ ಹುಡುಗಿಯ ಸೊಂಟಕ್ಕೆ ಎರಡು ಸಲ ಚುಚ್ಚಿದ್ದೂ ಇದೇ ಜಾತಿಯ ಔಷಧ. ನನ್ನ ನಾಲಿಗೆಯ ತುದಿಗೆ ಮಾತು ಬಂತು. ಈಗ ಹೇಳಿದರೆ, ಅರೆ, ಒಂಬತ್ತು ಗಂಟೆಗೆ ಯಾಕೆ ಹೇಳಲಿಲ್ಲ ಎಂದು ಸಿಸ್ಟರ್ ಕೇಳುತ್ತಾರೆ. ಮತ್ತೆ ತಾಯಿಯ ಎದುರಿಗೇ ಹೊರಗೆ ನಡಿ ಎನ್ನುತ್ತಾರೆ. ಔಷಧದ ವಿಷಯ ನನ್ನದಲ್ಲ ಎಂದು ಮೇಡಂ ಹೇಳಿದ್ದಾರಲ್ಲ ಎಂದುಕೊಂಡೆ. ಬಾಯಿ ಮುಚ್ಚಿಕೊಂಡು ಹುಡುಗಿಯ ಬೆನ್ನು ನೀವಿದೆ.

ಹನಿ ಬಹಳ ನಿಧಾನವಾಗಿಯೇ ಬೀಳುತ್ತಿತ್ತು. ಆದರೂ ಅರ್ಧ ತಾಸಿನೊಳಗೆ ಬೇನೆ ಒಂದರ ಬೆನ್ನಿಗೆ ಒಂದು ಏರಿಬಂದವು. ಹುಡುಗಿ ನನ್ನ ಮುಂಗೈಯನ್ನು ಉಗುರು ಇಳಿಯುವಂತೆ ಹಿಡಿದಳು.

‘ಅಕ್ಕಾ, ನಡುವ ಬಿಡವಲ್ದು. ಒಂದೀಟೂ ಬಿಡವಲ್ದು ಅಕ್ಕಾ.’

ಹೊಟ್ಟೆಯ ಮೇಲೆ ಕೈಯಿಟ್ಟೆ. ಹಣೆಯಷ್ಟು ಗಟ್ಟಿ. ಕಾದೆ. ಮೆತ್ತಗಾಗಲೇ ಇಲ್ಲ. ‘ಸಿಸ್ಟರ್!’ ಎಂದು ಕೂಗಿದೆ.

ಅವರು ಪಕ್ಕದ ಹೆರಿಗೆ ಟೇಬಲ್‌ನಿಂದ ಓಡಿಬಂದು ಒಂದು ಕೈಯಲ್ಲಿ ಡಾಪ್ಲರ್ ಇಟ್ಟರು, ಇನ್ನೊಂದು ಕೈಯಲ್ಲಿ ಸಲೈನ್ ಕೊಳವೆಯನ್ನು ಒತ್ತಿ ನಿಲ್ಲಿಸಿದರು. ಬೆಳಗಿನಿಂದ ಓಡುವ ಕುದುರೆಯ ಹಾಗೆ ಕೇಳಿಸುತ್ತಿದ್ದ ಎದೆಬಡಿತ ಈಗ ಬಿಟ್ಟು ಬಿಟ್ಟು ಬರುತ್ತಿತ್ತು. ಸಿಸ್ಟರ್ ಹುಡುಗಿಯನ್ನು ಎಡಮಗ್ಗುಲಿಗೆ ತಿರುಗಿಸಿದರು, ಮೂಗಿಗೆ ಆಕ್ಸಿಜನ್ ಹಾಕಿದರು, ಔಷಧದ ಬಾಟಲಿ ತೆಗೆದು ಬರಿಯ ಸಲೈನ್ ಓಡಿಸಿದರು. ಡಾಕ್ಟರಮ್ಮ ಬಂದರು.

‘ಇಷ್ಟು ಕಮ್ಮಿ ಡೋಸಿಗೆ ಹೀಗ್ಯಾಕೆ?’ ಎಂದು ತಮ್ಮಷ್ಟಕ್ಕೇ ಅಂದರು. ಐದು ನಿಮಿಷವಾಯಿತು. ಹತ್ತಾಯಿತು. ಹೊಟ್ಟೆ ಹಾಗೇ ಇತ್ತು. ‘ಹನಿ ನಿಂತ ಮೇಲೆ ಇಷ್ಟೊತ್ತಿಗೆ ಸಡಿಲ ಆಗಬೇಕಿತ್ತು. ಇನ್ನೂ ಸ್ವಲ್ಪ ನೋಡೋಣ, ಇಳಿಯುತ್ತೆ.’

ಅವರ ಲೆಕ್ಕ ಸರಿಯೇ ಇತ್ತು. ಅವರಿಗೆ ಗೊತ್ತಿದ್ದಷ್ಟರಲ್ಲಿ ಕಾಯುವುದು ಸರಿ. ನನಗೆ ಬೇವಿನ ಮರದ ಕೆಳಗೆ ಕಂಡ ಗಂಟು ನೆನಪಾಯಿತು. ಬಾಗಿಲು ತೆರೆದು ಹೊರಗೆ ನೋಡಿದೆ. ತಾಯಿ ನನ್ನ ಮುಖ ಕಂಡದ್ದೇ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು. ಗಂಟು ಬಿಚ್ಚಿತ್ತು.

‘ಗುಳಿಗಿ ಕೊಟ್ಟೀಯೇನು?’

‘ಬ್ಯಾನಿ ಕಡಿಮಿ ಆಗ್ಯಾವ ಅಂದ್ರಲ್ಲ ತಂಗೀ’ ಎಂದು ಆಕೆ ಅಳಲು ಶುರುಮಾಡಿದಳು. ನಾನು ಬಿಸಿನೀರಿಗೆ ಹೋದಾಗ, ಡಾಕ್ಟರಮ್ಮನ ಮಾತು ಕೇಳಿಸಿಕೊಂಡು, ಎರಡನೆಯ ಗುಳಿಗೆಯನ್ನು ಮಗಳ ನಾಲಿಗೆಯ ಕೆಳಗೆ ಇಟ್ಟಿದ್ದಳು. ಸಿಸ್ಟರ್‌ಗೆ ಗೊತ್ತಿದ್ದರೆ ಆ ಗುಳಿಗೆ ಒಂಬತ್ತು ಗಂಟೆಗೇ ಕಸದ ಬುಟ್ಟಿ ಸೇರುತ್ತಿತ್ತು, ಸಲೈನ್‌ಗೆ ಔಷಧವೂ ಬೀಳುತ್ತಿರಲಿಲ್ಲ.

ಒಳಗೆ ಬಂದು ಹೇಳಿದೆ. ಮುಂಜಾನೆ ಎರಡು ಸೂಜಿ, ಒಂದು ಗುಳಿಗೆ. ಹನ್ನೊಂದಕ್ಕೆ ಇನ್ನೊಂದು ಗುಳಿಗೆ. ಸಿಸ್ಟರ್ ನನ್ನ ಕಡೆ ತಿರುಗಿದರು.

‘ಯಾವಾಗ ಗೊತ್ತಾತು ನಿನಗ?’

‘ಈಗ್ರೀ. ಈಗ ಅವರವ್ವ ಹೇಳಿದ್ಲು.’

ಕೂಸು ಸಾಯುತ್ತಿರಬಹುದು ಎಂದು ತಿಳಿದಿದ್ದರೂ ನನ್ನ ಬಾಯಿ ಮೊದಲು ನನ್ನನ್ನು ಉಳಿಸಿಕೊಂಡಿತು. ಇದನ್ನು ನೆನೆದಾಗಲೆಲ್ಲ ನನಗೆ ನನ್ನ ಮೇಲೇ ಹೇಸಿಗೆಯಾಗುತ್ತದೆ.

ಡಾಕ್ಟರಮ್ಮ ಇನ್ನು ಕಾಯಲಿಲ್ಲ. ಗರ್ಭಕೋಶ ಸಡಿಲಿಸುವ ಸೂಜಿಯನ್ನು ತೋಳಿಗೆ ಕೊಟ್ಟು, ರಾಯಚೂರಿನ ದೊಡ್ಡ ಆಸ್ಪತ್ರೆಗೆ ಫೋನ್ ಮಾಡಿದರು. ನಮ್ಮಲ್ಲಿ ಆಪರೇಷನ್‌ಗೆ ಬೇಕಾದ ಅರಿವಳಿಕೆ ಡಾಕ್ಟರು ವಾರದಲ್ಲಿ ಮೂರು ದಿನ ಮಾತ್ರ ಬರುತ್ತಾರೆ, ಅದು ಅವರು ಬರದ ದಿನ. ಆಂಬ್ಯುಲೆನ್ಸ್ ಹತ್ತಿದಾಗ ಹನ್ನೆರಡೂವರೆ. ಸಿಸ್ಟರ್ ಊಟ ಬಿಟ್ಟು ತಾವೇ ಬಂದರು.

ಮಾನ್ವಿಯಿಂದ ರಾಯಚೂರಿಗೆ ಒಂದು ತಾಸು. ಸಿಸ್ಟರ್ ಡಾಪ್ಲರ್ ತೆಗೆಯಲೇ ಇಲ್ಲ. ತಗ್ಗು ಬಂದಾಗಲೆಲ್ಲ ಸದ್ದು ತಪ್ಪುತ್ತಿತ್ತು, ಅವರು ಹುಡುಕಿ ಮತ್ತೆ ಹಿಡಿಯುತ್ತಿದ್ದರು. ನಾನು ನೆಲದ ಮೇಲೆ ಮೊಣಕಾಲೂರಿ ಹುಡುಗಿಯ ತಲೆ ಹಿಡಿದಿದ್ದೆ. ಕಲ್ಲೂರು ದಾಟಿದ ಮೇಲೆ ಹೊಟ್ಟೆ ಸ್ವಲ್ಪ ಮೆತ್ತಗಾಯಿತು, ಎದೆಬಡಿತ ಏರಿತು, ಮತ್ತೆ ಇಳಿಯಿತು. ತಾಯಿ ಮೂಲೆಯಲ್ಲಿ ಮುದುಡಿ ಕೂತಿದ್ದಳು.

‘ಅಕ್ಕಾ, ನನ್ನ ಕೂಸು?’

‘ಸಿಸ್ಟರ್ ಕೇಳಾಕತ್ತಾರ ನೋಡು, ಸದ್ದು ಬರಾಕತ್ತದ’ ಎಂದೆ. ಸದ್ದು ಬರುತ್ತಿದ್ದುದು ನಿಜ. ಅದು ಹೇಗೆ ಬರುತ್ತಿದೆ ಎಂದು ನಾನು ಹೇಳಲಿಲ್ಲ, ಸಿಸ್ಟರ್ ಕೂಡ ಹೇಳಲಿಲ್ಲ. ದಾರಿಯುದ್ದಕ್ಕೂ ಅವರ ಎಡಗೈ ಹುಡುಗಿಯ ಕಾಲಿನ ಮೇಲಿತ್ತು. ಅವರು ಹಾಗೆ ಯಾರನ್ನಾದರೂ ಮುಟ್ಟಿ ಕೂತದ್ದನ್ನು ನಾನು ಅದಕ್ಕೆ ಮೊದಲು ಗಮನಿಸಿಯೇ ಇರಲಿಲ್ಲ.

ರಾಯಚೂರಿನಲ್ಲಿ ಬಾಗಿಲಿನಲ್ಲೇ ಕಾದಿದ್ದರು, ನೇರವಾಗಿ ಆಪರೇಷನ್‌ಗೆ ಒಯ್ದರು. ಗಂಡು ಕೂಸು. ಅಳಲಿಲ್ಲ. ಒಳಗೆ ಅವರು ಚೀಲ ಒತ್ತಿ ಉಸಿರು ಕೊಟ್ಟು, ಬಟ್ಟೆಯಲ್ಲಿ ಸುತ್ತಿ, ನಮ್ಮ ಮುಂದೆಯೇ ನವಜಾತ ಶಿಶುಗಳ ಘಟಕಕ್ಕೆ ಓಡಿದರು. ಸಂಜೆಗೆ ಕೂಸಿಗೆ ಸೆಳೆತ ಬಂತು. ಹನ್ನೆರಡು ದಿನ ಅಲ್ಲಿಟ್ಟುಕೊಂಡರು. ನಾನು ದಿನ ಬಿಟ್ಟು ದಿನ ಬಸ್ಸು ಹತ್ತಿ ಹೋಗಿ, ಹಾಲು ಹಿಂಡುವುದನ್ನು ಹುಡುಗಿಗೆ ಕಲಿಸಿದೆ. ಹುಡುಗಿ ನನ್ನನ್ನು ಕಂಡರೆ ಕಣ್ಣು ತುಂಬಿಕೊಳ್ಳುತ್ತಿದ್ದಳು. ನನ್ನಿಂದಲೇ ತನ್ನ ಕೂಸು ಬದುಕಿತು ಎಂದು ತಿಳಿದಿದ್ದಳು.

ಈ ನಡುವೆ ಮಾನ್ವಿಯಲ್ಲಿ ವಿಚಾರಣೆಯಾಯಿತು. ರಾಯಚೂರಿಗೆ ಕಳಿಸಿದ ಚೀಟಿಯಿಂದ ಸೂಜಿಯ ವಿಷಯ ತಿಳಿದು, ಹುಡುಗಿಯ ಗಂಡನ ಮನೆಯವರು ಬಂದು ಗಲಾಟೆ ಮಾಡಿದ್ದರು. ಹೊರಗೆ ಸೂಜಿ ಹಾಕಿಸಿದವಳಿಗೆ ಮತ್ತೆ ಸಲೈನ್ ಹಚ್ಚಿದ್ದು ಯಾಕೆ ಎಂಬುದೇ ಪ್ರಶ್ನೆ. ಮ್ಯಾನೇಜರ್ ಸಾಹೇಬರ ಮೇಜಿನ ಮೇಲೆ ಕೇಸ್ ಶೀಟ್ ಇತ್ತು. ಅದರಲ್ಲಿ ‘ಇಲ್ಲ’ ಎಂದಿತ್ತು. ಬೀಗರ ಮುಂದೆ ಸಣ್ಣವಳಾಗಿ ನಿಂತಿದ್ದ ತಾಯಿ, ‘ನನ್ನ ಯಾರೂ ಕೇಳಿಲ್ರೀ, ಕೇಳಿದ್ರ ಹೇಳತಿದ್ದೆ’ ಎಂದಳು. ‘ಕೇಳೀನ್ರೀ ಸರ್’ ಎಂದರು ಸಿಸ್ಟರ್. ಸಾಹೇಬರು ನನ್ನ ಕಡೆ ತಿರುಗಿದರು.

‘ನೀವು ಅಲ್ಲೇ ಇದ್ರಲ್ಲ. ಸಿಸ್ಟರ್ ಕೇಳಿದ್ರಾ ಇಲ್ವಾ?’

ಕೇಳಿದರು ಎಂದರೆ, ಯಾರನ್ನು ಕೇಳಿದರು, ಯಾರು ಏನೆಂದರು ಎಂಬ ಪ್ರಶ್ನೆ ಹಿಂದೆಯೇ ಬರುತ್ತದೆ. ‘ಸರಿಯಾಗಿ ನೆನಪಿಲ್ರೀ ಸರ್’ ಎಂದೆ.

ಸಿಸ್ಟರ್ ನನ್ನನ್ನು ಒಂದು ಸಲ ನೋಡಿದರು. ಬೈಯುವರೆಂದು ಕಾದೆ. ಬೈಯಲಿಲ್ಲ. ಕೇಳದೆಯೇ ಬರೆದರು ಎಂಬ ಆರೋಪದ ಮೇಲೆ ಅವರಿಗೆ ಮೆಮೊ ಬಂತು, ಹೆರಿಗೆ ಕೋಣೆಯಿಂದ ತೆಗೆದು ಹೊರರೋಗಿ ವಿಭಾಗಕ್ಕೆ ಹಾಕಿದರು. ಅವರು ರಜೆ ಬರೆದುಕೊಟ್ಟು ಊರಿಗೆ ಹೋದರು.

ಕೂಸನ್ನು ಮನೆಗೆ ಕಳಿಸಿದ ಎರಡು ದಿನಕ್ಕೆ ಆ ತಾಯಿ ನನ್ನ ಮನೆ ಹುಡುಕಿಕೊಂಡು ಬಂದಳು. ಬುಟ್ಟಿಯಲ್ಲಿ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಒಂದು ತಂಬಿಗೆ ಕುರಿ ಹಾಲು. ಕೂಸು ಹಾಲು ಎಳೆಯುತ್ತದೆ, ಆದರೆ ಎಡಗೈ ಮುಷ್ಟಿ ಬಿಚ್ಚುವುದಿಲ್ಲ, ತಿಂಗಳಿಗೊಮ್ಮೆ ತೋರಿಸಬೇಕು, ಮುಂದೆ ಹೇಗೋ ಈಗಲೇ ಹೇಳಲಾಗದು ಎಂದು ಡಾಕ್ಟರು ಅಂದಿದ್ದಾರಂತೆ. ಹೇಳಿ ಕಣ್ಣೊರೆಸಿಕೊಂಡಳು. ಆಮೇಲೆ ನನ್ನ ಎರಡೂ ಕೈ ಹಿಡಿದಳು.

‘ನೀ ನನ್ನ ಮಾನ ಉಳಿಸಿದಿ ತಂಗೀ. ಬೀಗರೆಲ್ಲಾ ಆ ನರ್ಸಂದ ತಪ್ಪು ಅನ್ನಾಕತ್ತಾರ. ನನ್ನ ಸುದ್ದಿಗೆ ಯಾರೂ ಬಂದಿಲ್ಲ.’

ನಾನು ಆ ರೊಟ್ಟಿಯನ್ನು ಮುಟ್ಟಲಾರದೆ ಹೋದೆ. ಮರುದಿನ ದೇವದುರ್ಗದ ಬಸ್ಸು ಹತ್ತಿದೆ.

ಸಿಸ್ಟರ್ ಮನೆಯ ಕಟ್ಟೆಯ ಮೇಲೆ ಕೂತು ತೊಗರಿಬೇಳೆ ಹಸನು ಮಾಡುತ್ತಿದ್ದರು. ‘ಬಾ, ಕುಂದ್ರು’ ಎಂದು ಮೊರ ಸರಿಸಿ ಜಾಗ ಮಾಡಿದರು. ಆಸ್ಪತ್ರೆಯಲ್ಲಿ ನನಗೆ ಕೂರು ಎಂದವರೇ ಅಲ್ಲ. ನಾನು ಕೂರಲಿಲ್ಲ. ಬೇವಿನ ಮರದಿಂದ ಮೊದಲುಮಾಡಿ ಎಲ್ಲವನ್ನೂ ನಿಂತೇ ಹೇಳಿದೆ. ಅವರು ಬೇಳೆಯಿಂದ ಕಣ್ಣೆತ್ತಲಿಲ್ಲ.

‘ಗೊತ್ತದ’ ಎಂದರು. ‘ಆಂಬ್ಯುಲೆನ್ಸಿನ್ಯಾಗ ನೀ ಆ ತಾಯಿ ಕಡೆ ಒಂದ್ ಸಲಾನೂ ನೋಡಲಿಲ್ಲ. ಅವಾಗ್ಲೇ ತಿಳೀತು.’

‘ನೀವ್ಯಾಕ ಹೇಳಲಿಲ್ರೀ? ಡೌಲಾನ್ನ ಕೇಳಿದ್ದೆ, ಆಕಿ ಇಲ್ಲ ಅಂದ್ಲು ಅಂತ ಅಂದಿದ್ರ ಆಗತಿತ್ತು.’

‘ಮೆಮೊಕ್ಕ ಉತ್ತರ ಬರಿಯೂವಾಗ ಬರದಿದ್ದೆ. ಆಮ್ಯಾಲ ಹರದು ಒಗದೆ.’

‘ಯಾಕ್ರೀ?’

ಅವರು ಮೊರ ಕೆಳಗಿಟ್ಟರು. ‘ಅದನ್ನ ಕೊಟ್ಟಿದ್ರ ಮರುದಿನಾನ ನಿಮ್ಮಂಥವರನ್ನ ಒಳಗ ಬಿಡೋದು ಬಂದ್ ಮಾಡತಿದ್ರು. ನಾಕು ಟೇಬಲ್ ಮ್ಯಾಲ ನಾಕು ಹೆಣ್ಮಕ್ಕಳು ಒದರಾಕತ್ತಿದ್ರ ನನಗಿರೋದು ಎರಡ ಕೈ. ಯಾರ ಹತ್ರ ನಿಂದರಲಿ? ನೀ ಬಂದ ಮ್ಯಾಲ ಅವರು ಹೆದರೋದು ಕಡಿಮಿ ಆಗ್ಯದ. ನಿನ್ನ ಮುಂದ ಎಂದೂ ಅಂದಿಲ್ಲ. ಅಂದಿದ್ರ ತಲಿ ಮ್ಯಾಲ ಕುಂದ್ರತಿದ್ದಿ.’

ನನಗೆ ನೆಲ ಬಿರಿದು ನುಂಗಬಾರದೇ ಎನಿಸಿತು. ನಾನು ಯಾರನ್ನು ವೈರಿ ಎಂದುಕೊಂಡು ಬಾಯಿ ಕಟ್ಟಿಕೊಂಡಿದ್ದೆನೋ ಅವರು ನನ್ನ ಕೆಲಸವನ್ನು ಕಾಯುತ್ತಾ ಇಲ್ಲಿ ಕೂತಿದ್ದರು.

‘ನಾ ಎಲ್ಲಾ ಬರದು ಕೊಡತೀನ್ರೀ ಸಿಸ್ಟರ್.’

‘ಕೊಡಬ್ಯಾಡ. ನಂದು ಹ್ಯಾಂಗೋ ನಡೀತದ, ಓಪಿಡಿಯಾಗ ಬಿಪಿ ನೋಡಕೋತ ಕುಂದ್ರತೀನಿ. ನೀ ಬರದು ಕೊಟ್ರ ಆ ಹೆಣ್ಮಕ್ಕಳ ಹತ್ರ ಯಾರು ಇರತಾರ? ಅದನ್ನ ಇಚಾರ ಮಾಡು.’ ಒಳಗೆ ಹೋಗಿ ಚಹಾ ತಂದುಕೊಟ್ಟರು. ಅದನ್ನು ಹೇಗೆ ಕುಡಿದೆನೋ ತಿಳಿಯದು.

ಮೂರು ದಿನ ವಿಚಾರ ಮಾಡಿದೆ. ಸುಮ್ಮನಿದ್ದರೆ ತಾಯಂದಿರಿಗೆ ಒಳ್ಳೆಯದು ಎಂದು ಸಿಸ್ಟರ್ ಹೇಳಿದ್ದರು. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದರೆ ಅದೇ ಮಾತಿನ ಮರೆಯಲ್ಲಿ ನಾನು ಮತ್ತೆ ಅಡಗುತ್ತಿದ್ದೇನೆ ಎಂದೂ ಕಾಣುತ್ತಿತ್ತು. ತಾಯಿಯ ಮಾನ, ಮೇಡಂ ಹೇಳಿದ ನಿಯಮ, ಈಗ ಹೆಣ್ಣುಮಕ್ಕಳ ಹಿತ. ಪ್ರತಿ ಸಲವೂ ನನಗೆ ಒಂದು ಒಳ್ಳೆಯ ಕಾರಣ ಸಿಕ್ಕಿತ್ತು, ಪ್ರತಿ ಸಲವೂ ಬೇರೆಯವರು ಅದರ ಹೊರೆ ಹೊತ್ತಿದ್ದರು. ಮೊದಲು ಆ ತಾಯಿಗೆ ಹೋಗಿ ಹೇಳಿದೆ. ‘ಕೂಸಿನ ಮ್ಯಾಲ ಮಾಡಿದ ಆಣಿ ಮುರೀತಿಯಲ್ಲೇ’ ಎಂದು ಬಾಗಿಲು ಹಾಕಿಕೊಂಡಳು. ನಾಲ್ಕನೆಯ ದಿನ ಎರಡು ಪುಟ ಬರೆದು ಸಾಹೇಬರ ಕೈಗೆ ಕೊಟ್ಟೆ. ಸಿಸ್ಟರ್ ಕೇಳಿದ್ದರು, ನಾನು ಸುಳ್ಳು ಹೇಳಿದೆ ಎಂದು ಮೊದಲ ಸಾಲಿನಲ್ಲೇ ಬರೆದಿದ್ದೆ.

ಮೆಮೊ ರದ್ದಾಯಿತು. ಸಿಸ್ಟರ್ ಹೆರಿಗೆ ಕೋಣೆಗೆ ಮರಳಿದರು. ಅದೇ ವಾರ ಆಸ್ಪತ್ರೆಯವರು ಹೊಸ ನಿಯಮ ಅಂಟಿಸಿದರು: ಹೆರಿಗೆ ಕೋಣೆಯೊಳಗೆ ಡಾಕ್ಟರು, ಸಿಸ್ಟರ್‌ಗಳ ಹೊರತು ಯಾರಿಗೂ ಪ್ರವೇಶವಿಲ್ಲ. ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ತಿಂಗಳ ತಪಾಸಣೆಗೆ ಬಂದವರಿಗೆ ಉಸಿರಾಟ ಕಲಿಸುತ್ತೇನೆ, ಬೇನೆ ಬಂದವರನ್ನು ಮೊಗಸಾಲೆಯಲ್ಲಿ ನಡೆಸುತ್ತೇನೆ, ಯಾರಾದರೂ ಏನಾದರೂ ನನ್ನ ಮುಂದೆ ಹೇಳಿದರೆ ಅಲ್ಲೇ ಅವರನ್ನು ಕರೆದುಕೊಂಡು ಸಿಸ್ಟರ್ ಮುಂದೆ ನಿಲ್ಲಿಸುತ್ತೇನೆ. ಬಾಗಿಲವರೆಗೆ ನನ್ನ ಕೆಲಸ.

ಕಳೆದ ವಾರ ಮಲ್ಲಟದ ಒಬ್ಬ ಹುಡುಗಿಯನ್ನು ಹಾಗೆಯೇ ಬಾಗಿಲಲ್ಲಿ ಸಿಸ್ಟರ್ ಕೈಗೆ ಒಪ್ಪಿಸಿದೆ. ಒಳಗೆ ಆಗಲೇ ಇನ್ನೊಬ್ಬಳಿದ್ದಳು. ಬಾಗಿಲು ಮುಚ್ಚಿತು. ಸ್ವಲ್ಪ ಹೊತ್ತಿಗೆ ಒಳಗಿನಿಂದ ‘ಅಕ್ಕಾ’ ಎಂಬ ಕೂಗು ಬಂತು. ‘ಇಲ್ಲೇ ಅದೀನವ್ವಾ, ಉಸುರು ಬಿಡು’ ಎಂದು ಬಾಗಿಲಿಗೆ ಬಾಯಿ ಹಚ್ಚಿ ಹೇಳಿದೆ. ಕೇಳಿಸಿತೋ ಇಲ್ಲವೋ, ಆಕೆ ಮತ್ತೆ ಕರೆದಳು.

‘ಆಕಿ ಒಳಗ ಬರಂಗಿಲ್ಲ ತಂಗೀ’ ಎಂದು ಸಿಸ್ಟರ್ ಹೇಳುವುದು ಕೇಳಿಸಿತು. ‘ನನ್ನ ಕೈ ಹಿಡಕೋ.’

ಅಷ್ಟರಲ್ಲಿ ಪಕ್ಕದ ಟೇಬಲ್‌ನವಳು ಕಿರುಚಿದಳು. ಸಿಸ್ಟರ್ ಚಪ್ಪಲಿಯ ಸದ್ದು ಆ ಕಡೆಗೆ ಹೋಯಿತು. ಹುಡುಗಿ ಮತ್ತೆ ಅಕ್ಕಾ ಎಂದಳು.